ಒಂದು ಪೈಸೆ ಮುಂದೆ ನಿಂತವರು

ದೆಹಲಿಯ ಮುನಿರ್ಕಾದ ಬಾಡಿಗೆ ಕೋಣೆಯಿಂದ ನಾನು ಷೇರು ದಲ್ಲಾಳಿಯೊಬ್ಬರ ಕಚೇರಿಗೆ ಹೋಗುತ್ತಿದ್ದ ದಿನಗಳವು. ಗ್ರಾಹಕರು ಫೋನಿನಲ್ಲಿ ಹೇಳಿದ ಆರ್ಡರನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ನಮ್ಮ ಮನೆಯಲ್ಲಿ ಪದವಿ ಪಡೆದವನು ನಾನೊಬ್ಬನೇ. ಎಲ್ಲಿ ತಪ್ಪು ಅಂಕಿ ಒತ್ತಿಬಿಡುತ್ತೇನೋ ಎಂಬ ಭಯದಿಂದ ಪ್ರತಿ ಬೆಲೆಯನ್ನೂ ಗ್ರಾಹಕರಿಗೆ ಎರಡೆರಡು ಸಲ ಓದಿ ಹೇಳುತ್ತಿದ್ದೆ.

ಇನ್ನೂರೈವತ್ತು ರೂಪಾಯಿಗಿಂತ ಕಡಿಮೆ ಬೆಲೆಯ ಷೇರುಗಳು ಅದುವರೆಗೆ ಐದೈದು ಪೈಸೆಯಂತೆ ಏರಿಳಿಯುತ್ತಿದ್ದವು. ಆಗಷ್ಟೇ ಆ ಅಳತೆಯನ್ನು ಒಂದು ಪೈಸೆಗೆ ಇಳಿಸಿದ್ದರು. ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವಿನ ಅಂತರ ಕಿರಿದಾಗಿ ಸಣ್ಣ ಹೂಡಿಕೆದಾರರಿಗೆ ಲಾಭವೆಂದು ಗ್ರಾಹಕರಿಗೆಲ್ಲ ತಿಳಿಸುವಂತೆ ನಮಗೆ ಆದೇಶವಿತ್ತು. ಅದು ಸುಳ್ಳೂ ಅಲ್ಲ. ಹತ್ತಿಪ್ಪತ್ತು ಷೇರು ಕೊಳ್ಳುವವರಿಗೆ ಚಿಲ್ಲರೆ ಉಳಿಯುತ್ತಿತ್ತು. ಆ ಅಂತರದಲ್ಲಿಯೇ ಸಂಪಾದಿಸುತ್ತಿದ್ದ ನಮ್ಮ ಹಿರಿಯ ಡೀಲರ್ ಮಾತ್ರ ದಿನವಿಡೀ ಗೊಣಗುತ್ತಿದ್ದರು.

ದೆಹಲಿಯದೇ ದ್ವಾರಕಾ ಬಡಾವಣೆಯಲ್ಲಿದ್ದ ಕೊಡಗಿನ ನಿವೃತ್ತ ಸುಬೇದಾರರೊಬ್ಬರು ಹೆಂಡತಿಯ ಮೊಣಕಾಲಿನ ಶಸ್ತ್ರಚಿಕಿತ್ಸೆಗಾಗಿ ತಮ್ಮ ಷೇರುಗಳನ್ನು ಮಾರಲು ಹೊರಟಿದ್ದರು. ಮಾರುಕಟ್ಟೆ ತೆರೆಯುತ್ತಲೇ ಷೇರಿಗೆ ನೂರೈವತ್ತು ರೂಪಾಯಿಯಂತೆ ಆರ್ಡರ್ ಹಾಕಿಸಿ ಕಾಯತೊಡಗಿದರು. ಒಂದೇ ಬೆಲೆಗೆ ಮಾರುವವರಲ್ಲಿ ಮೊದಲು ಬಂದವರಿಗೇ ಮೊದಲ ಸರದಿ ಎಂಬ ನಿಯಮವನ್ನು ಅವರು ಮಿಲಿಟರಿ ಕ್ಯಾಂಟೀನಿನ ಸಾಲಿನಷ್ಟೇ ನಂಬಿದ್ದರು.

ಸಾಲಿನಲ್ಲಿ ಅವರೇ ಮೊದಲಿಗರು. ಆದರೆ ಕೊಳ್ಳುವವರು ಹತ್ತಿರ ಬಂದೊಡನೆ ಯಾವುದೋ ದೊಡ್ಡ ಸಂಸ್ಥೆಯ, ತಾನೇ ಆರ್ಡರ್ ಹಾಕುವ ಯಂತ್ರವು ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಪೈಸೆ ಕಡಿಮೆಗೆ ತನ್ನ ಷೇರುಗಳನ್ನು ಮುಂದೊಡ್ಡಿ ಮಾರಿಬಿಡುತ್ತಿತ್ತು. ಮತ್ತೆ ಮತ್ತೆ ಅದೇ. ಐದು ಪೈಸೆ ಕಳೆದುಕೊಳ್ಳಬೇಕಿದ್ದಾಗ ಹೀಗೆ ನುಗ್ಗುವವರು ಒಂದು ಕ್ಷಣವಾದರೂ ಯೋಚಿಸುತ್ತಿದ್ದರು. ಈಗ ನುಗ್ಗುವುದು ಪುಕ್ಕಟೆಯಾಗಿತ್ತು. ನೋಡುತ್ತ ಕುಳಿತ ನನಗೆ, ಎಂಜಲು ತಟ್ಟೆಯಲ್ಲಿ ಊಟ ಬಡಿಸಿಕೊಂಡಂತೆ ಅನ್ನಿಸಿತು.

ಹಿರಿಯ ಡೀಲರ್ ನನ್ನತ್ತ ಬಾಗಿ, "ಅಚ್ಛಾ, ನಿಮ್ಮ ಫೌಜಿ ಸಾಹೇಬರು ಇನ್ನೂ ಲೈನ್‌ನಲ್ಲೇ ನಿಂತಿದ್ದಾರಾ?" ಎಂದು ಹಿಂದಿಯಲ್ಲಿ ಕೇಳಿ ನಕ್ಕರು. ಆ ನಗುವೂ ನನಗೆ ಹೇಸಿಗೆಯೆನಿಸಿತು.

ನಾವೂ ಎರಡು ಪೈಸೆ ಇಳಿಸೋಣವೇ ಎಂದು ಸುಬೇದಾರರಿಗೆ ಫೋನ್ ಮಾಡಿ ಕೇಳಿದೆ.

"ಬೆಳಿಗ್ಗೆಯಿಂದ ಮೊದಲು ನಿಂತವನು ನಾನೇ ತಾನೆ?"

"ಹೌದು, ಸರ್."

"ಮತ್ತೆ ನಾನ್ಯಾಕಪ್ಪಾ ಜಾಗ ಬಿಡಲಿ?"

ಮಧ್ಯಾಹ್ನ ಮೂರೂವರೆಗೆ ಮಾರುಕಟ್ಟೆ ಮುಚ್ಚಿತು. ಅವರ ಒಂದು ಷೇರೂ ಮಾರಾಟವಾಗಿರಲಿಲ್ಲ. ಮರುದಿನ ಮಾರುಕಟ್ಟೆ ತೆರೆಯುವಾಗಲೇ ಬೆಲೆ ಬಹಳ ಕುಸಿದಿತ್ತು. ಆಸ್ಪತ್ರೆಯವರು ಮುಂಗಡ ಕೇಳುತ್ತಿದ್ದಾರೆ, ಸಿಕ್ಕಿದ ಬೆಲೆಗೆ ಕೊಟ್ಟುಬಿಡಿ ಎಂದು ಸುಬೇದಾರರು ಹೇಳಿದರು. ಮಾರಿದೆ. ರೂಢಿಯಂತೆ ಬೆಲೆಯನ್ನು ಓದಿ ಹೇಳಿ, ಎರಡನೆಯ ಸಲ ಓದಲು ಬಾಯಿ ತೆರೆದೆ.

"ಒಂದು ಸಲ ಸಾಕಪ್ಪಾ," ಎಂದು ಅವರು ಫೋನ್ ಇಟ್ಟರು.