ಬೇಡಿಕೆ ಪುಸ್ತಕದಲ್ಲಿ ಉಳಿದ ಸಾಲು

ಆ ದಿನದ ಡೈರಿಯಲ್ಲಿ ಇರುವುದು ಇಷ್ಟೇ: "ಲೈಬ್ರರಿ ಕಮಿಟಿ ಸಭೆ. ರೇಷ್ಮೆ ಜರ್ನಲ್ ಕೈಬಿಟ್ಟೆವು. ಆರೂಕಾಲರ ಬಸ್ಸು." ಆ ಸಭೆಯಲ್ಲಿ ನಾನು ಎದ್ದು ನಿಂತು ವಾದ ಮಾಡಿದೆ ಎಂಬುದು ಡೈರಿಯಲ್ಲಿಲ್ಲ, ನನ್ನ ನೆನಪಿನಲ್ಲಿ ಮಾತ್ರ ಇತ್ತು. ಒಂದೂವರೆ ವರ್ಷ ಆ ನೆನಪನ್ನೇ ನಂಬಿಕೊಂಡು ನೆಮ್ಮದಿಯಾಗಿದ್ದೆ.

ರಾಮನಗರದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಮನೆ ಚನ್ನಪಟ್ಟಣದಲ್ಲಿ. ನಮ್ಮಲ್ಲಿ ರೇಷ್ಮೆ ವಿಷಯದ ಸ್ನಾತಕೋತ್ತರ ವಿಭಾಗವಿದೆ, ಅದಕ್ಕೆ ಅಂಟಿಕೊಂಡಂತೆ ಒಂದು ಸಣ್ಣ ಸಂಶೋಧನಾ ಕೇಂದ್ರ. ಮೊದಲು ಜರ್ನಲ್‌ಗಳು ಅಂಚೆಯಲ್ಲಿ ಬರುತ್ತಿದ್ದವು. ಮೊಹರು ಹಾಕಿ, ವರ್ಷದ ಕೊನೆಗೆ ಕಪ್ಪು ರೆಕ್ಸಿನ್ನಿನಲ್ಲಿ ಬೈಂಡ್ ಮಾಡಿಸುತ್ತಿದ್ದೆ. ಎಷ್ಟೋ ಹಿಂದೆ ಚಂದಾ ನಿಲ್ಲಿಸಿದ ಪತ್ರಿಕೆಗಳ ಸಂಪುಟಗಳು ಈಗಲೂ ಕೊನೆಯ ರ‍್ಯಾಕಿನಲ್ಲಿವೆ. ಯಾರೂ ಬಂದು ಅವನ್ನು ಹೊತ್ತುಕೊಂಡು ಹೋಗಲಿಲ್ಲ.

ಇ-ಜರ್ನಲ್ ಹಾಗಲ್ಲ. ಅಲ್ಲಿ ನಾವು ಕೊಳ್ಳುವುದು ಪತ್ರಿಕೆಯನ್ನಲ್ಲ, ಒಂದು ವರ್ಷ ಓದುವ ಅನುಮತಿಯನ್ನು. ನಮ್ಮ ಗ್ರಂಥಾಲಯದ ಇಂಟರ್‌ನೆಟ್ ಸಂಪರ್ಕದ ಸಂಖ್ಯೆಯನ್ನು ಪ್ರಕಾಶಕರಿಗೆ ಕೊಟ್ಟಿರುತ್ತೇವೆ. ಆ ಸಂಖ್ಯೆಯಿಂದ ಬಂದವರಿಗೆ ಅವರ ಬಾಗಿಲು ತೆರೆಯುತ್ತದೆ, ಬೇರೆಯವರಿಗೆ ಇಲ್ಲ. ಚಂದಾ ನಿಂತ ಮೇಲೂ, ಚಂದಾ ಕಟ್ಟಿದ್ದ ವರ್ಷಗಳ ಸಂಚಿಕೆಗಳನ್ನು ಓದುವ ಹಕ್ಕು ಬೇಕಿದ್ದರೆ ಒಪ್ಪಂದದಲ್ಲಿ ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪರೀಕ್ಷೆಯಲ್ಲಿ ಇದೇ ವಿಷಯದ ಮೇಲೆ ನಾನು ನಾಲ್ಕು ಪುಟ ಬರೆದಿದ್ದೆ, ಒಳ್ಳೆಯ ಅಂಕವೂ ಬಂದಿತ್ತು. ಚಂದಾ ಮಾಡಿಸುವ ಏಜೆಂಟು ಒಪ್ಪಂದ ತಂದು ಮೇಜಿನ ಮೇಲಿಟ್ಟಾಗ ಪ್ರತಿ ಪುಟದ ಕೆಳಗೆ ಚಿಕ್ಕ ಸಹಿ ಹಾಕಿಕೊಂಡು ಹೋದೆ, ಏನನ್ನೂ ಕೇಳಲಿಲ್ಲ.

ನಾವು ಕೈಬಿಟ್ಟ ರೇಷ್ಮೆ ಜರ್ನಲ್ ಇಂಥದ್ದೇ, ಅದು ತೆರೆಯುತ್ತಿದ್ದುದು ಗ್ರಂಥಾಲಯದ ಎರಡು ಕಂಪ್ಯೂಟರುಗಳಲ್ಲಿ. ಅದಕ್ಕೆ ನಾನೊಂದು ಪದ್ಧತಿ ಮಾಡಿದ್ದೆ. ಯಾರಿಗೆ ಯಾವ ಲೇಖನ ಬೇಕೋ ಅವರು ಕೌಂಟರಿನ ಮೇಲಿನ ಬೇಡಿಕೆ ಪುಸ್ತಕದಲ್ಲಿ ಬರೆದಿಟ್ಟು ಹೋಗಬೇಕು. ಶನಿವಾರ ಮಧ್ಯಾಹ್ನ ನಾನೇ ಕೂತು ಅವನ್ನು ಡೌನ್‌ಲೋಡ್ ಮಾಡಿ, ಒಂದೊಂದು ಪ್ರತಿ ಪ್ರಿಂಟ್ ತೆಗೆದು, ಬಾಕ್ಸ್ ಫೈಲಿಗೆ ಸೇರಿಸಿ, ಪುಸ್ತಕದಲ್ಲಿ ಆ ಸಾಲನ್ನು ಹೊಡೆದುಹಾಕುತ್ತಿದ್ದೆ. ಆಮೇಲೆ ಅದೇ ಪ್ರತಿಯನ್ನು ಎಲ್ಲರೂ ಸರದಿಯಲ್ಲಿ ಓದುತ್ತಿದ್ದರು. ಕಾಗದ ಉಳಿಯಿತು, ಗದ್ದಲವಿಲ್ಲ. ಪರಿಶೀಲನೆಗೆ ಬಂದವರೊಬ್ಬರು ಬಾಕ್ಸ್ ಫೈಲುಗಳ ಸಾಲು ನೋಡಿ ಮೆಚ್ಚಿದ್ದರು. ಆ ಮೆಚ್ಚುಗೆ ಡೈರಿಯಲ್ಲಿ ಅರ್ಧ ಪುಟ ಇದೆ.

ಆ ಫೈಲುಗಳನ್ನು ಹೆಚ್ಚು ಓದುತ್ತಿದ್ದವಳು ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ಕೈಲಾಂಚದ ಹತ್ತಿರದ ಹಳ್ಳಿಯವಳು, ಸ್ಕೂಟರಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ಹುಳು ಸಾಕುತ್ತಾರೆ. ಹಾಲುತೊಂಡೆ ರೋಗ ಬಂದ ಹುಳುಗಳಿಗೆ ಲಕ್ಕಿ ಸೊಪ್ಪಿನ ಪುಡಿ ಧೂಳೀಕರಿಸಿದರೆ ಏನಾಗುತ್ತದೆ ಎಂಬುದು ಅವಳ ಪಿಎಚ್.ಡಿ. ವಿಷಯ. ಪ್ರಯೋಗಕ್ಕೆ ಅವಳ ತಾಯಿ ಹುಳುಮನೆಯ ಒಂದು ಬದಿಯ ಅಟ್ಟಣೆಯನ್ನೇ ಬಿಟ್ಟುಕೊಟ್ಟಿದ್ದರು. ನೋಂದಣಿಯ ಅವಧಿ ಮುಗಿಯುತ್ತಾ ಬಂದಿತ್ತು. ಮುಂದಿನ ಅತಿಥಿ ಉಪನ್ಯಾಸಕರ ಆಯ್ಕೆಗೆ ಮುಂಚೆ ಪದವಿ ಕೈಗೆ ಬಂದರೆ ಪಟ್ಟಿಯಲ್ಲಿ ಮೇಲೆ ಇರುತ್ತಾಳೆ, ಇಲ್ಲದಿದ್ದರೆ ಪದವಿ ಇದ್ದವರು ಬಂದು ಅವಳ ತರಗತಿಗಳನ್ನು ತೆಗೆದುಕೊಳ್ಳುತ್ತಾರೆ. ಇದು ಕಾಲೇಜಿನಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ.

ನವೀಕರಣದ ಸಭೆಗೆ ಪ್ರಕಾಶಕರಿಂದ ಬಳಕೆಯ ವರದಿ ಬಂತು. ವರ್ಷದಲ್ಲಿ ಎಷ್ಟು ಸಲ ಲೇಖನ ಇಳಿಸಿಕೊಂಡಿದ್ದೇವೆ ಎಂಬ ಲೆಕ್ಕ ಅದು. ಪ್ರಿನ್ಸಿಪಾಲರು ಹಾಳೆಯನ್ನು ತಿರುಗಿಸಿ ಹಿಂದೆಯೂ ನೋಡಿದರು.

"ಇಷ್ಟೇನಾ? ಇಡೀ ವರ್ಷಕ್ಕೆ? ಇದಕ್ಕಿಂತ ಜಾಸ್ತಿ ಜನ ನಮ್ಮ ನೋಟೀಸ್ ಬೋರ್ಡ್ ಓದ್ತಾರೆ ಕಣ್ರೀ."

ಎಲ್ಲರೂ ನಕ್ಕರು. ಸಂಖ್ಯೆ ಅಷ್ಟು ಚಿಕ್ಕದಾಗಿದ್ದುದು ನನ್ನ ಪದ್ಧತಿಯಿಂದ. ಎಂಟು ಜನ ಓದಿದ ಲೇಖನಕ್ಕೂ ಪ್ರಕಾಶಕರ ಯಂತ್ರದಲ್ಲಿ ಬಿದ್ದದ್ದು ಒಂದೇ ಗೀಟು. ನನ್ನ ನೆನಪಿನಲ್ಲಿ ಇದನ್ನೆಲ್ಲ ನಾನು ಅಲ್ಲೇ ಬಿಡಿಸಿ ಹೇಳುತ್ತೇನೆ. "ಸಾರ್, ಒಂದು ಪ್ರತೀನ ಹತ್ತು ಜನ ಓದ್ತಾರೆ" ಎನ್ನುತ್ತೇನೆ, ಅವರು ಒಪ್ಪುವುದಿಲ್ಲ. ಹೀಗೆ ಆ ಜರ್ನಲ್ ಹೋಯಿತು ಎಂದು ಬಹಳ ಜನರಿಗೆ ಹೇಳಿದ್ದೇನೆ.

ಜನವರಿಯ ಮೊದಲ ವಾರ ಅವಳು ಕೌಂಟರಿಗೆ ಬಂದಳು.

"ಮೇಡಂ, ಅದು ತೆಗೀತಾನೇ ಇಲ್ಲ. ಎಲ್ಲದರ ಮೇಲೂ ಬೀಗದ ಗುರ್ತು ತೋರಿಸ್ತೈತೆ. ಹಳೇವೂ ಅಷ್ಟೆ."

ಹಳೆಯವು ಇರಲೇಬೇಕಲ್ಲ ಎಂದುಕೊಂಡು ಏಜೆಂಟಿಗೆ ಫೋನ್ ಮಾಡಿದೆ. ಅವನು ಬಹಳ ಮರ್ಯಾದೆಯಿಂದ ಮಾತಾಡಿದ. "ಮೇಡಂ, ಚಂದಾ ನಿಂತ ಮೇಲೆ ಹಿಂದಿನದೂ ಬರಲ್ಲ. ಅಗ್ರಿಮೆಂಟಲ್ಲೇ ಇದೆಯಲ್ಲ, ಆ ಪುಟದಲ್ಲಿ ತಮ್ಮ ಸಹೀನೂ ಇದೆ." ನಾನು ಹಾಳೆ ತೆಗೆದು ನೋಡಿದೆ. ಇತ್ತು. ಚೆನ್ನಾಗಿಯೇ ಹಾಕಿದ್ದೆ.

ಅವಳಿಗೆ ಬೇಕಾಗಿದ್ದುದು ಡಿಸೆಂಬರಿನಲ್ಲಿ ಬಂದ ಒಂದು ಲೇಖನ, ಅದೇ ಲಕ್ಕಿ ಸೊಪ್ಪಿನ ಬಗ್ಗೆ. "ಸಾರಾಂಶ ಎಲ್ಲರಿಗೂ ತೆರೆದೇ ಇದೆಯಲ್ಲ, ಸದ್ಯಕ್ಕೆ ಅದನ್ನು ನೋಡಿ" ಎಂದೆ. ಈ ಮಾತು ನನಗೆ ಸ್ಪಷ್ಟವಾಗಿ ನೆನಪಿದೆ, ಯಾಕೆಂದರೆ ಅದನ್ನು ನಾನು ಸಹಾಯ ಎಂದುಕೊಂಡಿದ್ದೆ. ಅವಳು ಲೇಖಕರಿಗೆ ಇ-ಮೇಲ್ ಬರೆದಳು, ಉತ್ತರ ಬರಲಿಲ್ಲ. ಬೆಂಗಳೂರಿಗೆ ಹೋಗಿ ಓದೋಣವೆಂದರೆ ವಾರವಿಡೀ ತರಗತಿ, ಮನೆಯಲ್ಲಿ ಹೊತ್ತುಹೊತ್ತಿಗೆ ಸೊಪ್ಪು ಕೇಳುವ ಹುಳು. ಸಾರಾಂಶದಲ್ಲಿದ್ದಷ್ಟನ್ನೇ ಪ್ರಬಂಧದಲ್ಲಿ ಉಲ್ಲೇಖಿಸಿ ಮುಂದೆ ಹೋದಳು.

ಸಲ್ಲಿಕೆಗೆ ಮುಂಚೆ ನಡೆಯುವ ಮಂಡನೆಗೆ ನಾನೂ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಹೊರಗಿನಿಂದ ಬಂದ ತಜ್ಞರು ಆ ಲೇಖನವನ್ನೇ ಕೈಯಲ್ಲಿ ಹಿಡಿದು ಬಂದಿದ್ದರು. ಆ ಪುಡಿಯಿಂದ ರೋಗ ಕಡಿಮೆಯಾಗುತ್ತದೆ, ಆದರೆ ನೂಲು ಕೊಡುವ ಗೂಡಿನ ಸಿಪ್ಪೆ ತೆಳುವಾಗುತ್ತದೆ ಎಂದು ಅದರ ಒಳಪುಟಗಳಲ್ಲಿತ್ತಂತೆ. "ಇದನ್ನು ಉಲ್ಲೇಖಿಸಿದ್ದೀರಿ. ಓದಿದ್ದೀರಾ?" ಎಂದು ಕೇಳಿದರು. ಅವಳು ಬದುಕಿದ ಹುಳು ಎಣಿಸಿದ್ದಳು, ಗೂಡು ಎಣಿಸಿದ್ದಳು, ಸಿಪ್ಪೆಯನ್ನು ಬೇರೆ ಮಾಡಿ ತೂಗಿರಲಿಲ್ಲ. ಎರಡು ಬೆಳೆ ಮತ್ತೆ ಸಾಕಿ, ತೂಕ ತೆಗೆದು ಬನ್ನಿ ಎಂದರು. ಸಲ್ಲಿಕೆ ಮುಂದಕ್ಕೆ ಹೋಯಿತು.

ಆವತ್ತು ಸ್ಟಾಫ್ ರೂಮಿನಲ್ಲಿ ಯಾರೋ, "ಏನ್ ಮೇಡಂ, ನಿಮ್ಮ ಲೈಬ್ರರಿಯಿಂದ ಒಂದು ಲೇಖನ ಕೊಡಕ್ಕಾಗಲಿಲ್ವಾ?" ಎಂದರು. "ಇದ್ದಾಗ ಅವರು ಕೇಳಲೇ ಇಲ್ಲ, ಕೇಳಿದ್ದು ನಿಂತ ಮೇಲೆ" ಎಂದೆ. ಅವಳು ಅಲ್ಲೇ ಕಿಟಕಿಯ ಹತ್ತಿರ ನೀರು ಕುಡಿಯುತ್ತಿದ್ದಳು. ಬಾಟಲಿಯ ಮುಚ್ಚಳ ತಿರುಗಿಸಿ ಹೊರಗೆ ಹೋದಳು.

ಆಯ್ಕೆಯ ಪಟ್ಟಿ ಬಂದಾಗ ಅವಳ ಹೆಸರು ಕೆಳಗೆ ಜಾರಿತ್ತು. ನಮ್ಮಲ್ಲಿ ಅವಳ ತರಗತಿಗಳು ಬೇರೆಯವರಿಗೆ ಹೋದವು. ಅವಳಿಗೆ ಮಾಗಡಿಯ ಒಂದು ಕಾಲೇಜಿನಲ್ಲಿ ವಾರಕ್ಕೆ ಕೆಲವೇ ಗಂಟೆ ಸಿಕ್ಕಿತು, ಎರಡು ಬಸ್ಸು ಹತ್ತಿ ಹೋಗುವಷ್ಟು ದೂರ. ಸಂಶೋಧನಾ ವಿದ್ಯಾರ್ಥಿನಿಯಾಗಿ ಮಾತ್ರ ನಮ್ಮ ಕೇಂದ್ರದಲ್ಲಿ ಉಳಿದಳು.

ಈ ವರ್ಷ ರ‍್ಯಾಕುಗಳನ್ನು ಜರುಗಿಸುವಾಗ ಹಳೆಯ ಬೇಡಿಕೆ ಪುಸ್ತಕ ಕೈಗೆ ಬಂತು. ಬಿಸಾಡುವ ಮುಂಚೆ ಕೊನೆಯ ಪುಟ ತೆರೆದೆ. ಡಿಸೆಂಬರ್ ತಿಂಗಳು, ಅವಳ ಅಕ್ಷರ, ಲೇಖನದ ಪೂರ್ತಿ ಶೀರ್ಷಿಕೆ, ಸಂಚಿಕೆ, ಪುಟಸಂಖ್ಯೆ. ಸಾಲು ಹೊಡೆದಿರಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ನನ್ನ ಅಕ್ಷರ: "ಮುಂದಿನ ಶನಿವಾರ".

ಹಾಗೆ ಬರೆದಿಟ್ಟ ಶನಿವಾರ ಏನು ಕೆಲಸವಿತ್ತೆಂದು ಡೈರಿಯಲ್ಲಿ ಹುಡುಕಿದೆ. ದೊಡ್ಡಮಳೂರಿನ ದೇವಸ್ಥಾನಕ್ಕೆ ಹೋಗಬೇಕೆಂದು ಮಧ್ಯಾಹ್ನವೇ ಹೊರಟಿದ್ದೆ. ಮುಂದಿನ ಶನಿವಾರದ ಹೊತ್ತಿಗೆ ವರ್ಷ ಮುಗಿದು ಚಂದಾ ನಿಂತಿತ್ತು.

ಒಂದು ಸುಳ್ಳು ಸಿಕ್ಕಿದ ಮೇಲೆ ಇನ್ನೊಂದನ್ನೂ ಹುಡುಕಬೇಕಾಯಿತು. ಸಭೆಯ ನಡಾವಳಿ ತೆಗೆದೆ. "ಬಳಕೆ ಕಡಿಮೆ ಇರುವುದರಿಂದ ನವೀಕರಿಸದಿರಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಬರೆದವಳು ಸದಸ್ಯ ಕಾರ್ಯದರ್ಶಿ, ಅಂದರೆ ನಾನು. ಆದರೂ ಮನಸ್ಸು ಬಿಡಲಿಲ್ಲ. ಮಾತಾಡಿಯೂ ಬರೆಯದೆ ಇದ್ದಿರಬಹುದಲ್ಲ. ಆವತ್ತು ಸಭೆಗೆ ಕಾಫಿ ತಂದುಕೊಟ್ಟ ಅಟೆಂಡರ್ ಇನ್ನೂ ಇದ್ದಾರೆ, ನಿವೃತ್ತಿಗೆ ಹತ್ತಿರ. ಅವರನ್ನು ಕೇಳಿದೆ.

"ನೀವೆಲ್ಲಿ ಮಾತಾಡಿದ್ರಿ ಮೇಡಂ? ವಡೆ ತಿಂತಾ ಕುಂತಿದ್ರಿ. ಒಸಿ ಚಟ್ನಿ ತತ್ತೀರಾ ಅಂದ್ರಿ, ನಾ ಕ್ಯಾಂಟೀನಿಗೆ ಇನ್ನೊಂದ್ ಸಲ ಇಳ್ದು ಹತ್ತಿದೆ. ಅದ್ಕೇ ಗ್ಯಾಪ್ಕ ಐತೆ. ಈ ಮಂಡಿ ನೋವು ಆವತ್ತಿಂದೇ ಸುರುವಾಗಿದ್ದು."

ಅವರ ನೆನಪೂ ನನ್ನದರಂತೆಯೇ ತನಗೆ ಬೇಕಾದಂತೆ ಬೆಳೆದಿರಬಹುದು. ಮಂಡಿ ನೋವಿಗೂ ಒಂದು ಕಾರಣ ಬೇಕಲ್ಲ. ಆದರೆ ವಡೆಯ ರುಚಿ ನನ್ನ ಬಾಯಿಗೇ ಬಂತು. ವಾದ ಮಾಡಿದ ನೆನಪಿನಲ್ಲಿ ಇಂಥ ರುಚಿ ಯಾವುದೂ ಇರಲಿಲ್ಲ.

ಹೋದ ವಾರ ಅವಳು ಬಂದಳು. ನಾನು ಯಾವ ಪೀಠಿಕೆಯನ್ನೂ ಹಾಕದೆ ಪುಸ್ತಕ ತೆರೆದು ಅವಳ ಮುಂದಿಟ್ಟೆ. ಅವಳು ಸಾಲನ್ನು ನೋಡಿದಳು, ಪೆನ್ಸಿಲ್ ಅಕ್ಷರ ನೋಡಿದಳು. ಆಶ್ಚರ್ಯಪಡಲಿಲ್ಲ.

"ಗೊತ್ತು ಮೇಡಂ. ನಾನೇ ಅಲ್ವಾ ಬರ್ದಿದ್ದು."

"ಆವತ್ತು ಸ್ಟಾಫ್ ರೂಮಲ್ಲಿ ನಾನು ಅಂದಾಗ ಯಾಕೆ ಹೇಳಲಿಲ್ಲ?"

"ಹೇಳಿ ಏನ್ ಮಾಡ್ಲಿ? ನಿಮ್ ಹತ್ರ ಮುನಿಸ್ಕೊಂಡು ನಾನು ಇನ್ಯಾವ ಲೈಬ್ರರಿಗೆ ಹೋಗ್ಲಿ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಮ್ಮವ್ವ ಮೊದ್ಲನೇ ಬೆಳೇಲೇ ಅಂದಿದ್ಲು, ಈ ಕಡೆ ಅಟ್ಟಣೆ ಗೂಡು ಹಿಚುಕಿದ್ರೆ ಒಸಿ ಜೊಳ್ಳು ಅನ್ನಿಸ್ತದೆ ಕಣೇ ಅಂತ. ಅವ್ವನ ಮಾತು ಯಾವ ಜರ್ನಲ್ಲಲ್ಲೂ ಇಲ್ವಲ್ಲ, ಅದ್ಕೆ ನಾನೂ ಕೇಳ್ಳಿಲ್ಲ."

ನಾನು ಕ್ಷಮೆ ಕೇಳಿದೆ. ಕೇಳಿದೆ ಎಂದೇ ಆ ದಿನದ ಡೈರಿಯಲ್ಲಿದೆ. ಈ ಸಲ ಅದೇ ದಿನ ಬರೆದಿಟ್ಟಿದ್ದೇನೆ.

ಅವಳು ಬಂದದ್ದು ಅದಕ್ಕಲ್ಲ. ಈಚೆಗೆ ಬಂದ ಲೇಖನಗಳನ್ನು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತು ಓದಬೇಕು, ಒಳಗೆ ಬಿಡಲು ಗ್ರಂಥಪಾಲಕಿಯ ಪರಿಚಯ ಪತ್ರ ಬೇಕು. ನಾನು ಟೈಪ್ ಮಾಡಿದೆ. "ಸದರಿ ಜರ್ನಲ್ ನಮ್ಮ ಗ್ರಂಥಾಲಯದಲ್ಲಿ ಲಭ್ಯವಿಲ್ಲದಿರುವುದರಿಂದ" ಎಂದು ಬರೆಯುವಾಗ ಯಾಕೆ ಲಭ್ಯವಿಲ್ಲ ಎಂಬುದನ್ನೂ ಸೇರಿಸಬೇಕೆನಿಸಿತು. ಸೇರಿಸಲಿಲ್ಲ. ಅಂಥ ಪತ್ರಗಳಲ್ಲಿ ಅದಕ್ಕೆ ಜಾಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಅವಳು ನಿಂತೇ ಓದಿದಳು. "ಒಂದು ದಿನ ಅಂತ ಹಾಕಿದೀರ. ಮೂರು ದಿನ ಮಾಡಿ ಮೇಡಂ. ಎರಡನೇ ಬೆಳೆ ಹುಳ ಇನ್ನು ಮೂರು ಸಲ ಜ್ವರಕ್ಕೆ ಕೂರ್ತವೆ, ಆಗಷ್ಟೇ ನಂಗೆ ಬಿಡುವು."

ಪೊರೆ ಕಳಚುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಒಂದು ದಿನವನ್ನು ಮೂರು ಮಾಡಿ, ಮೊಹರು ಹಾಕಿ ಕೊಟ್ಟೆ. ಅವಳು ಮಡಚಿ ಚೀಲದಲ್ಲಿಟ್ಟುಕೊಂಡು, ಬೇಡಿಕೆ ಪುಸ್ತಕವನ್ನು ನನ್ನ ಕಡೆ ತಳ್ಳಿದಳು.

"ಇದನ್ನ ಇನ್ನು ಹೊಡೆದಾಕ್ಬೌದಲ್ಲ. ಅಲ್ಲಿ ಹೆಂಗೂ ಸಿಗ್ತದೆ."

ಕೊಟ್ಟ ಲೇಖನದ ಸಾಲನ್ನು ಮಾತ್ರ ಹೊಡೆಯುವುದು ನಾನೇ ಮಾಡಿದ ನಿಯಮ. ಇದನ್ನು ನಾನು ಕೊಟ್ಟಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ. ಹೊರಗೆ ಮಾಗಡಿ ಬಸ್ಸಿನ ಹೊತ್ತಾಗಿತ್ತು, ಅವಳು ಬೇಗ ಬೇಗ ಮೆಟ್ಟಿಲು ಇಳಿದು ಹೋದಳು.