ತಂಗಿಯ ಖ್ಮೇರ್ ನೋಟ್‌ಬುಕ್

ಎಪ್ಪತ್ತಾರನೆಯ ವಯಸ್ಸಿನಲ್ಲಿ ಯಾರೂ ಹೊಸ ಲಿಪಿ ಕಲಿಯಬಾರದು. ಫ್ರಾಂಕ್ಲಿ ಹೇಳುತ್ತೇನೆ, ಅದು ಕಣ್ಣಿಗೂ ಒಳ್ಳೆಯದಲ್ಲ, ಕುತ್ತಿಗೆಗೂ ಒಳ್ಳೆಯದಲ್ಲ. ಆದರೆ ಕಾಂಬೋಡಿಯಾದಲ್ಲಿ ನರ್ಸ್ ಆಗಿದ್ದ ನನ್ನ ತಂಗಿ ಅಲ್ಲಿಯೇ ತೀರಿಕೊಂಡಳು. ಅವಳ ಸಾಮಾನು ಎಂದು ಒಂದು ರಟ್ಟಿನ ಪೆಟ್ಟಿಗೆ ಬಂತು. ಅದರಲ್ಲಿ ಇದ್ದದ್ದು ನಾಲ್ಕು ಪುಸ್ತಕ, ಎರಡು ನೋಟ್‌ಬುಕ್, ಅಷ್ಟೇ. ನೋಟ್‌ಬುಕ್ಕಿನ ತುಂಬ ಖ್ಮೇರ್.

ಅವಳು ಬಾಡಿಗೆಗಿದ್ದ ಮನೆಯ ಹೆಂಗಸು ಪೆಟ್ಟಿಗೆಯನ್ನು ನಮ್ಮ ತವರುಮನೆಗೆ, ಕೊಳಕೂರಿಗೆ, ಕಳಿಸಿದ್ದಳು. ಜೇವರ್ಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಅಣ್ಣನ ಮಗ ಅದನ್ನು ಆಳಂದಕ್ಕೆ, ನನ್ನ ಮನೆಗೆ, ತಂದುಕೊಟ್ಟ. ಒಂದು ಹಾಳೆ ತಿರುವಿ ನೋಡಿ ನಕ್ಕ.

"ಏನ್ರಿ ಅತ್ತಿ ಇದು, ಇರುವಿಗಿ ಕೋಡು ಬಂದಂಗ ಅದ! ಸಣ್ಣತ್ತಿ ಇದನ್ನ ಹೆಂಗ ಬರೀತಿದ್ದಳ್ರಿ?"

"ನಿನ್ನ ಬಿಲ್ ಬುಕ್ಕಿಗಿಂತ ನೀಟಾಗಿ ಬರದಾಳ, ಸುಮ್ನಿರು," ಎಂದೆ.

ಅವನ ಮಗಳು ಫೋನು ಹಿಡಿದು ಭಾಷಾಂತರಕ್ಕೆ ಪ್ರಯತ್ನಿಸಿದಳು. ತಂಗಿಯ ಕೈಬರಹಕ್ಕೆ ಫೋನು ಕೊಟ್ಟ ಉತ್ತರ: "ಹಂದಿಯ ಮಾವ ಮಂಗಳವಾರ ಛತ್ರಿ." ಅಲ್ಲಿಗೆ ಅದು ಮುಗಿಯಿತು. ಇನ್ನು ನಾನೇ ಓದಬೇಕು.

ಓದಬೇಕಾದ ಕಾರಣ ಒಂದೇ. ಅವ್ವ ಹಾಸಿಗೆ ಹಿಡಿದಾಗ ತಂಗಿ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನಾನು ಕೇಳಲೂ ಇಲ್ಲ. ಅವ್ವನನ್ನು ಕೊಳಕೂರಿನ ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೆ ತಂಗಿಯ ಒಂದು ಪತ್ರವನ್ನೂ ಒಡೆಯಲಿಲ್ಲ, ಬಂದದ್ದನ್ನೆಲ್ಲ ಹಿಂದಕ್ಕೆ ಕಳಿಸಿದೆ. ಅವಳು ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದಳೇ? ಅದೊಂದು ನನಗೆ ಗೊತ್ತಾಗಬೇಕಿತ್ತು.

ಪೆಟ್ಟಿಗೆಯಲ್ಲಿದ್ದ ಪುಸ್ತಕಗಳೇ ಗುರು: ಮಕ್ಕಳ ಓದುಪುಸ್ತಕ, ಇಂಗ್ಲಿಷಿನಲ್ಲಿ ಬರೆದ ವ್ಯಾಕರಣ, ಅಡುಗೆಯ ಪುಸ್ತಕ, ಹಿರಿಯರ ಹಬ್ಬದ ಮೇಲೊಂದು ತೆಳು ಧರ್ಮಪುಸ್ತಕ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ತಪ್ಪಿದ ಪದವನ್ನು ನೂರು ಸಲ ಬರೆಸುತ್ತಿದ್ದರು. ನನಗೆ ನಾನೇ ಇಂಪೊಸಿಷನ್ ಕೊಟ್ಟುಕೊಂಡೆ. ಅಕ್ಷರಗಳ ಕ್ರಮ ನಮ್ಮ ಕಖಗಘದ್ದೇ. ಒತ್ತಕ್ಷರಕ್ಕೆ ಅವರು ಕಾಲು ಎನ್ನುತ್ತಾರೆ. ಅಷ್ಟು ಸಲಿಗೆ ಸಿಕ್ಕಿತೆಂದು ಹಿಗ್ಗಿದರೆ, ಪದಪದಗಳ ನಡುವೆ ಜಾಗವೇ ಇಲ್ಲ. ಯಾವ ಪದ ಎಲ್ಲಿ ಮುಗಿಯಿತೆಂದು ಭೂತಗನ್ನಡಿ ಹಿಡಿದು ಊಹಿಸಬೇಕು. ಒಂದು ಸಾಲು ಬಿಡಿಸುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಎಷ್ಟೋ ದಿನ ಪುಸ್ತಕದ ಮೇಲೇ ತಲೆಯಿಟ್ಟು ಮಲಗಿದ್ದೇನೆ.

ಆದರೂ ಓದುತ್ತ ಓದುತ್ತ ಆ ಜನ ಸ್ವಲ್ಪ ಸ್ವಲ್ಪ ಕಾಣತೊಡಗಿದರು. ಅವರೂ ಎದುರಿಗೆ ಬಂದವರನ್ನು ಊಟವಾಯಿತೇ ಎಂದೇ ಮಾತಾಡಿಸುತ್ತಾರೆ. ಪರಿಚಯವಿಲ್ಲದ ಮುದುಕಿಯೂ ಅವರಿಗೆ ಅಜ್ಜಿಯೇ, ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಕಾಕಾ, ಮಾವಶಿ ಆಗುವಂತೆ. ಅಡುಗೆಯ ಪುಸ್ತಕದಲ್ಲಿ ಕೊಳೆಸಿದ ಮೀನಿಲ್ಲದ ಪುಟ ಹುಡುಕುವುದೇ ಕಷ್ಟ. ಬಳ್ಳೊಳ್ಳಿಯ ವಾಸನೆಗೇ ಮೂಗು ಮುಚ್ಚುತ್ತಿದ್ದ ನನ್ನ ತಂಗಿ ಅಲ್ಲಿ ಏನು ತಿಂದು ಬದುಕಿದಳೋ! ಧರ್ಮಪುಸ್ತಕದಿಂದ ತಿಳಿದದ್ದು ಇದು: ನಮ್ಮ ಹಿರಿಯರ ಅಮಾವಾಸ್ಯೆಗೆ ಮುಂಚಿನ ಹದಿನೈದು ದಿನಗಳೇ ಅವರಿಗೂ ಸತ್ತವರ ದಿನಗಳು. ಮನೆಯವರು ಸತ್ತವರ ಹೆಸರಿನ ಪಟ್ಟಿ ಬರೆದು ಗುಡಿಗೆ ಒಯ್ಯುತ್ತಾರೆ. ಭಿಕ್ಷುಗಳು ಒಂದೊಂದೇ ಹೆಸರು ಓದುತ್ತಾರೆ. ಹೆಸರು ಕೇಳಿದ ಜೀವಕ್ಕೆ ಅನ್ನ ಮುಟ್ಟುತ್ತದೆ. ಕೇಳದಿದ್ದರೆ ಅದು ಏಳು ಗುಡಿ ಅಲೆದು ಹಸಿದು ಹೋಗುತ್ತದೆ.

ಅದನ್ನು ಓದಿದ ಮೇಲೆಯೇ ನೋಟ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ ಬರುತ್ತಿದ್ದ ಪಟ್ಟಿ ಏನೆಂದು ಅರ್ಥವಾಯಿತು. ಅಜ್ಜ, ಅಜ್ಜಿ, ಅಪ್ಪ, ಅವ್ವ. ನಮ್ಮ ಹೆಸರುಗಳಿಗೆ ಖ್ಮೇರ್ ಅಕ್ಷರ ತೊಡಿಸಿ ಬರೆದಿದ್ದಳು. ಪಕ್ಕದಲ್ಲಿ ಗುಡಿಗೆ ಒಯ್ದ ಅಡುಗೆ. ಕೊನೆಯ ಏಳು ವರ್ಷದ ಪಟ್ಟಿಗಳಲ್ಲಿ ಐದನೆಯ ಹೆಸರೊಂದಿತ್ತು. ಬಿಡಿಸಿ ಓದಿದೆ. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದೆ. ನನ್ನ ಹೆಸರು.

ಆ ಹೊತ್ತಿಗೆ ಅಫಜಲಪುರ ನೆನಪಾಯಿತು. ರಿಟೈರ್ ಆಗಿದ್ದರೂ ಅಲ್ಲಿಯವರಿಗೆ ನಾನಿನ್ನೂ ಇಂಗ್ಲಿಷ್ ಟೀಚರೇ. ತಂಗಿಯ ಮತ್ತೊಂದು ಪತ್ರ ಬೇಡ ಎಂದಾಗ ಪೋಸ್ಟ್‌ಮನ್ ಬಾಗಿಲಲ್ಲಿ ನಿಂತು ಕೇಳಿದ್ದ, "ಈ ಸಲನೂ ರೆಫ್ಯೂಸ್ಡ್ ಅಂತ ಬರೀಲೇನ್ರಿ ಟೀಚರ್?"

"ಬ್ಯಾಡ್ರಿ, ಅಸಹ್ಯ ಕಾಣ್ತದ. ಊರು ಬಿಟ್ಟಾರ ಅಂತ ಬರೀರಿ."

"ಹಂಗ ಬರದ್ರ ಮತ್ತ ಬರೀತಾರ್ರಿ. ತೀರಿಕೊಂಡಾರ ಅಂತ ಬರದ್ರ ಮುಗೀತು ನೋಡ್ರಿ."

ಅವನು ಚೇಷ್ಟೆಗೆ ಅಂದದ್ದು. ನಾನು, "ಹಂಗಂದ್ರ ಅದನ್ನೇ ಬರೀರಿ," ಎಂದು ಬಾಗಿಲು ಹಾಕಿಕೊಂಡೆ. ಆಮೇಲೆ ಪತ್ರ ಬರಲಿಲ್ಲ. ಮನೆಯವರಲ್ಲಿ ಅವಳು ಬರೆಯುತ್ತಿದ್ದದ್ದು ನನಗೊಬ್ಬಳಿಗೇ, ನಿಜ ತಿಳಿಸುವವರು ಬೇರೆ ಯಾರೂ ಇರಲಿಲ್ಲ. ಪೀಡೆ ಕಳೆಯಿತು ಎಂದುಕೊಂಡಿದ್ದೆ. ಗಾಡ್ ಫರ್ಗಿವ್ ಮಿ.

ನನ್ನ ಹೆಸರಿನ ಪಕ್ಕ ತಂಗಿ ಬರೆದದ್ದು: "ಅಕ್ಕನಿಗೆ ಹೂರಣ. ತೊಗರಿಬೇಳೆ ಸಿಗಲಿಲ್ಲ, ಹೆಸರುಬೇಳೆ ಹಾಕಿದೆ. ತಾಳೆಬೆಲ್ಲ. ನುಣ್ಣಗಾಗಿಲ್ಲ ಎಂದು ಬೈಯುತ್ತಾಳೆ, ಎರಡು ಸಲ ರುಬ್ಬಿದೆ." ಏಳು ವರ್ಷವೂ ಹೂರಣ. ಸಿಟ್ಟಿನ ಒಂದು ಮಾತಿಲ್ಲ. ಸಿಟ್ಟೇ ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮುಂದಿನ ವಾರ ಅಣ್ಣನ ಮಗ ಬಂದಾಗ ಎಲ್ಲ ಹೇಳಿದೆ, ಪೋಸ್ಟ್‌ಮನ್ನನದೂ ಸೇರಿಸಿ. ಅವನು ನೋಟ್‌ಬುಕ್ ತೆಗೆದು ನನ್ನ ಹೆಸರಿದ್ದ ಪುಟ ನೋಡಿದ.

"ಈಗ ಆ ಬಾಡಿಗಿ ಮನೀ ಹೆಣ್ಣುಮಗಳು ಸಣ್ಣತ್ತಿ ಹೆಸರು ಸೇರಿಸಿ ಅದ ಪಟ್ಟಿ ಒಯ್ತಿರಬೇಕಲ್ರಿ?"

"ಒಯ್ತಿರಬೇಕು."

"ಹಂಗಾದ್ರ ನಿಮ್ಮ ಹೆಸರು ತೆಗಿಸಿಬಿಡ್ರಿ ಅತ್ತಿ. ಜೀವಂತ ಇದ್ದವರ ಹೆಸರು ಹಂಗ ಕೂಗಬಾರ್ದು. ಆಯುಷ್ಯ ಕಡಿಮಿ ಆಗ್ತದ."

"ಎಪ್ಪತ್ತಾರಾತಲೇ. ಇನ್ನೆಷ್ಟು ಕಡಿಮಿ ಮಾಡ್ತದ?"

ಆದರೂ ಪೆಟ್ಟಿಗೆಯ ಮೇಲಿದ್ದ ವಿಳಾಸಕ್ಕೆ, ಆ ಹೆಂಗಸಿಗೆ, ಖ್ಮೇರಿನಲ್ಲೇ ಒಂದು ಪತ್ರ ಬರೆಯಬೇಕೆನ್ನಿಸಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಹೆಂಗಸಿನ ಕಣ್ಣಲ್ಲಿ ನಾನು ಹೂರಣ ಪ್ರೀತಿಸುತ್ತಿದ್ದ, ಸತ್ತ ಅಕ್ಕನಾಗಿಯೇ ಉಳಿಯುತ್ತಿದ್ದೆ. ಅದು ಎಷ್ಟು ಸುಲಭ ಎಂದು ಎರಡು ದಿನ ಯೋಚಿಸಿದೆ ಕೂಡ. ಮೂರನೆಯ ದಿನ ಬರೆಯತೊಡಗಿದೆ. ಐದು ಸಾಲಿಗೆ ನಾಲ್ಕು ದಿನ ಹಿಡಿಯಿತು. ನಾನು ಅವಳ ಅಕ್ಕ. ಬದುಕಿದ್ದೇನೆ. ಸತ್ತೆನೆಂದು ಬರೆಸಿದವಳು ನಾನೇ. ತಂಗಿಗೆ ಅದು ಗೊತ್ತಾಗಲಿಲ್ಲ. ನೀವು ಅವಳಿಗೆ ಅನ್ನ ಇಡುವಾಗ ಇದನ್ನು ಅವಳಿಗೆ ಹೇಳಿ. ಹೆಸರು ತೆಗೆಯಿರಿ ಎಂದು ಬರೆಯಲು ಕೈ ಬರಲಿಲ್ಲ. ಅದನ್ನು ಪಟ್ಟಿಗೆ ಸೇರಿಸಿದವಳು ತಂಗಿ.

ಅಣ್ಣನ ಮಗ ಲಕೋಟೆಯನ್ನು ಜೇವರ್ಗಿಗೆ ಒಯ್ದ. ಮಧ್ಯಾಹ್ನ ಪೋಸ್ಟಿನ ಕೌಂಟರಿನಿಂದಲೇ ಫೋನ್ ಮಾಡಿದ.

"ಅತ್ತಿ, ಕಳಿಸೋರ ಹೆಸರು ಹಾಕಬೇಕಂತ್ರಿ. ನಿಮಗ ಬ್ಯಾಡಂದ್ರ ನನ್ನದು ಹಾಕ್ತೇನಿ."

"ನನ್ನದೇ ಹಾಕು," ಎಂದೆ. "ಆಳಂದದ ಅಡ್ರೆಸ್ಸೂ ಬರಿ. ಪೂರ್ತಿ ಬರಿ."