ಅಳಿಯ ಆರಿಸಿದ ದೋಣಿ

ನನ್ನ ಮಾವನ ಊರಿನಲ್ಲಿ ಅಳಿಯನಿಗೆ ಯಾರೂ ಎದುರಾಡುವುದಿಲ್ಲ. ಸುರಪುರದಾಚೆ, ಕೃಷ್ಣೆಯ ದಂಡೆಗಿರುವ ಆ ಮನೆಗೆ ಹೋದಾಗಲೆಲ್ಲ, ಒಂಬತ್ತು ವರ್ಷ, ನಾನು ಹೇಳಿದ್ದಕ್ಕೆಲ್ಲ 'ಹೌದ್ರಿ' ಎನ್ನಿಸಿಕೊಂಡು ಬೇಸತ್ತಿದ್ದೆ. ಒಮ್ಮೆ ನೀರು ತರಲು ಕೊಡ ಎತ್ತಿದ್ದಕ್ಕೆ ಅತ್ತೆ ಅದನ್ನು ಕಸಿದುಕೊಂಡು, ಕಂಬಳಿ ಹಾಸಿ ಕೂರಿಸಿದ್ದರು. ಅದೇ ಮನೆಯಲ್ಲಿ ನನ್ನ ಹೆಂಡತಿಗೆ ದಿನಕ್ಕೆ ಹತ್ತು ಕೆಲಸ, ಹತ್ತು ಬೈಗುಳ. ನನಗೆ ಹೊಟ್ಟೆಕಿಚ್ಚು. ನಾನೂ ಆ ಮನೆಯವನಾಗಬೇಕಿತ್ತು, ಅಷ್ಟೇ.

ಕಳೆದ ವರ್ಷ ಮಾವನ ಹರಿಗೋಲು ಬಂಡೆಗೆ ಬಡಿದು ಬಿದಿರೆಲ್ಲ ಮುರಿಯಿತು. ಮೀನು ಹಿಡಿದೇ ಬದುಕುವವರು, ಹೊಸದು ಬೇಕೇ ಬೇಕು. "ನಡೀರಿ, ನಾ ಆರಿಸಿ ಕೊಡ್ತೀನಿ" ಎಂದು ನಾನೇ ಮುಂದೆ ಬಿದ್ದೆ. ಭೀಮರಾಯನಗುಡಿಯ ಕಚೇರಿಯಲ್ಲಿ ಫೈಲು ಕಟ್ಟುವ ನಾನು ನೀರಿಗಿಳಿದವನಲ್ಲ. ಆದರೆ ಎರಡು ದಿನ ಮೊಬೈಲಿನಲ್ಲಿ ದೋಣಿಗಳ ತಳ ನೋಡಿ ಪಂಡಿತನಾಗಿದ್ದೆ.

ಶಹಾಪುರದ ವ್ಯಾಪಾರಿಯ ಅಂಗಳದಲ್ಲಿ ಎರಡಿದ್ದವು, ಎರಡೂ ಫೈಬರಿನವು. ಒಂದು ಬುಟ್ಟಿಯಂಥ ದುಂಡನೆಯ ಹರಿಗೋಲು, ತಳ ಅಗಲ, ಚಪ್ಪಟೆ. ಇನ್ನೊಂದು ಉದ್ದನೆಯ ಕಿರಿದಾದ ದೋಣಿ, ತಳ ಚೂಪು. ಮಾವ ದುಂಡನೆಯದರ ಅಂಚನ್ನು ಎಮ್ಮೆಯ ಬೆನ್ನು ಸವರಿದಂತೆ ಸವರುತ್ತಿದ್ದರು. ನಾನು ಬಿಡಬೇಕಲ್ಲ.

"ಇದು ನಿಂತಲ್ಲೇ ಗಿರಗಿರ ತಿರುಗ್ತದರಿ. ಉದ್ದಂದು ನೀರು ಸೀಳ್ಕೋತ ಸೀದಾ ಹೋಗ್ತದ."

ಮಾವ ದುಂಡನೆಯದರ ಅಂಚಿನಿಂದ ಕೈ ತೆಗೆದರು. "ನೀವು ಹೇಳಿದ ಮ್ಯಾಲ ಮುಗೀತು ಬಿಡ್ರಿ."

ವ್ಯಾಪಾರಿಗೆ ಸಂಬಂಧ ತಿಳಿದುಹೋಯಿತು. "ಇವರು ಅಳಿಯಂದಿರೇನ್ರಿ? ಒಂದಿನ ನೀರಿಗಿ ಬಿಟ್ಟು ನೋಡ್ರಿ. ಹೊಂದಲಿಲ್ಲಂದ್ರ ಬದಲಿ ಕೊಡ್ತೀನಿ" ಎಂದ.

ಟಂಟಂ ಗಾಡಿಯ ಮೇಲೆ ಹೇರಿಕೊಂಡು ಹೋಗಿ ನೀರಿಗೆ ಬಿಟ್ಟೆವು. ಮಾವ ಮುಂದೆ, ನಾನು ಹಿಂದೆ. ದೋಣಿ ಗೆರೆ ಎಳೆದಂತೆ ಸೀದಾ ಹೋಯಿತು. ನಾನು ಮೀಸೆ ತಿರುವಿಕೊಂಡೆ. ಆಮೇಲೆ ಮಾವ ನಲವತ್ತು ವರ್ಷದ ರೂಢಿಯಂತೆ ಒಂದೇ ಬದಿಗೆ ಬಾಗಿ ಬಲೆ ಎಳೆದರು. ಹರಿಗೋಲಿನ ಅಗಲ ತಳ ಅದನ್ನೆಲ್ಲ ತಾಳಿಕೊಳ್ಳುತ್ತಿತ್ತು. ಇದು ತಾಳಲಿಲ್ಲ, ಮಗ್ಗುಲಾಗಿ ಮಲಗಿಯೇಬಿಟ್ಟಿತು.

ನೀರು ಎದೆಮಟ್ಟ. ನಾನು ಮಾತ್ರ ಸತ್ತೆನೆಂದೇ ತಿಳಿದು ಮಾವನ ಕುತ್ತಿಗೆಗೆ ಜೋತುಬಿದ್ದೆ. ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರೆಲ್ಲ ಎದ್ದು ನಿಂತರು.

"ಏ ಮಂಗ್ಯಾ, ಕುತ್ತಿಗಿ ಬಿಡು" ಎಂದರು ಮಾವ. "ಕೆಳಗ ನೆಲ ಅದ, ನಿಂದ್ರು. ಅಂಗಳದಾಗೇ ಗೊತ್ತಿತ್ತು ನನಗ, ಇದು ಮಲಗ್ತದಂತ."

"ಮತ್ತ ಆಗೇ ಹೇಳಬಾರದೇನ್ರಿ?"

"ಅಳಿಯಗ ಹೆಂಗ ಹೇಳಬೇಕಲೇ?"

ಅಂದ ಮೇಲೆ ಅವರಿಗೇ ಗಾಬರಿಯಾಗಿ ಕೈ ಬಾಯಿಗೆ ಹೋಯಿತು. ನನಗೋ ಖುಷಿ ತಡೆಯಲಾಗಲಿಲ್ಲ. ಮೂಗಿನ ತುಂಬ ನೀರು, ಆದರೂ ನಗುತ್ತ ನಿಂತೆ. "ಇನ್ನೊಮ್ಮೆ ಬೈರಿ" ಎಂದೆ.

ಮರುದಿನ ದೋಣಿ ಹಿಂದಿರುಗಿಸಿ ದುಂಡನೆಯದನ್ನು ತಂದೆವು. ಅದನ್ನು ಬೋರಲು ಹೊತ್ತು ದಂಡೆಗೆ ಒಯ್ದವನು ನಾನೇ. ಹಿಂದಿನಿಂದ ಮಾವ, "ಎಡಕ್ಕ ಹೋಗು, ಎಡಕ್ಕ. ಕಣ್ಣು ಎಲ್ಲಿಟ್ಟಿ?" ಎಂದು ದಾರಿಯುದ್ದಕ್ಕೂ ಗದರಿಸುತ್ತ ಬಂದರು. ಮನೆಗೆ ಮರಳಿದಾಗ ಅತ್ತೆ ಕಂಬಳಿ ಹಾಸಲಿಲ್ಲ. ಖಾಲಿ ಕೊಡವನ್ನು ನನ್ನ ಕೈಗಿಟ್ಟರು.